ದೀಪದ ಬುಡದ ಕತ್ತಲೆ

1898ನೆಯ ಇಸವಿಯಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದಿತು. ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಇಲಿ ಬಿದ್ದಿತೆಂದರೆ ಸಾಕು, ಜನ ಮನೆಮಠ ತೊರೆದು ಊರಾಚೆಯ ಬಯಲಿಗೆ ಹೊರಟುಬಿಡುತ್ತಿದ್ದರು. ಗಾಳಿ ಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ತಲೆಯೆತ್ತಿದ್ದು ಆ ಭೀತಿಯ ಬೆನ್ನಿಗೇ. ಅದೇ ಸಮಯದಲ್ಲಿ ಊರಿಗೆ ಇನ್ನೊಂದು ಹೊಸ ವಸ್ತುವೂ ಕಾಲಿಟ್ಟಿತು. ಅದೇ ದೂರವಾಣಿಯ ತಂತಿ. ಪ್ಲೇಗು ನಿವಾರಣೆಯ ಕಾರ್ಯದಲ್ಲಿ ತೊಡಗಿದ್ದವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ಸಲುವಾಗಿ ಆ ತಂತಿಯನ್ನು ಎಳೆಯಲಾಯಿತು. ಎರಡು ವರ್ಷಗಳ ಅನಂತರ, 1900ರಲ್ಲಿ, ಕೋಟೆಯ ಸಮೀಪದಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು.

ನೂರ ಇಪ್ಪತ್ತು ವರ್ಷಗಳು ಉರುಳಿದ ಮೇಲೆ, 2020ರಲ್ಲಿ, ಅದೇ ವಿಕ್ಟೋರಿಯಾ ಆಸ್ಪತ್ರೆ ಮತ್ತೊಂದು ಮಹಾಮಾರಿಯ ರೋಗಿಗಳಿಗೆಂದು ಮೀಸಲಾಯಿತು. ಈ ಸಲದ ಮಾರಿಯ ಹೆಸರು ಕೋವಿಡ್-19. ಈ ಸಲವೂ ದೂರವಾಣಿ ನೆರವಿಗೆ ಬಂದಿತು. ಆದರೆ ಅದು ಹೊತ್ತ ಮಾತು ಬೇರೆ. ಪ್ಲೇಗಿನ ಕಾಲದ ತಂತಿಯ ಮೇಲೆ ಅಧಿಕಾರಿಗಳ ಆಜ್ಞೆ ಹರಿಯಿತು, ಸತ್ತವರ ಲೆಕ್ಕ ಹರಿಯಿತು. ಕೋವಿಡ್ ಕಾಲದ ಮೊಬೈಲಿನಲ್ಲಿ, ರೋಗಿಗಳನ್ನು ನೋಡಿ ನೋಡಿ ದಣಿದ ದಾದಿಯೊಬ್ಬಳ ಬಿಕ್ಕಳಿಕೆಯೂ ಹರಿಯಿತು. ಅದನ್ನು ಆಲಿಸುವುದಕ್ಕೆಂದೇ ಆಚೆಯ ತುದಿಯಲ್ಲಿ ಒಬ್ಬರು ಕುಳಿತಿದ್ದರು. ಚಿಕಿತ್ಸೆ ಮಾಡುವವರಿಗೂ ಚಿಕಿತ್ಸೆ ಬೇಕು, ಸಂತೈಸುವವರನ್ನೂ ಯಾರಾದರೂ ಸಂತೈಸಬೇಕು ಎಂಬ ಸರಳವಾದ ಸಂಗತಿಯನ್ನು ಲೋಕವು ಆ ಎರಡು ವರ್ಷಗಳಲ್ಲಿ ಬಹಳ ಬೆಲೆ ತೆತ್ತು ಕಲಿಯಿತು.

ಮುಸುಕಿನೊಳಗಿನ ಮುಖ

ಆ ದಿನಗಳ ಒಬ್ಬ ದಾದಿಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಆಕೆಗೊಂದು ಹೆಸರು ಬೇಡ. ಅಂಥವರು ಆಗ ಊರೂರಿನಲ್ಲಿಯೂ ಇದ್ದರು. ತಲೆಯಿಂದ ಕಾಲಿನವರೆಗೆ ಬಿಳಿಯ ರಕ್ಷಾಕವಚ, ಮೂಗಿನ ಮೇಲೆ ಬಿಗಿದ ಮಾಸ್ಕು, ಕಣ್ಣಿಗೆ ಮಂಜುಗಟ್ಟುವ ಕನ್ನಡಕ, ಎರಡು ಜೊತೆ ಕೈಗವಸು. ಒಮ್ಮೆ ತೊಟ್ಟರೆ ಪಾಳಿ ಮುಗಿಯುವವರೆಗೆ ಒಂದು ಗುಟುಕು ನೀರು ಕುಡಿಯುವಂತಿಲ್ಲ. ಮುಖ ಕಾಣದ ಕಾರಣ, ಯಾರು ಯಾರೆಂಬುದು ತಿಳಿಯಲಿ ಎಂದು ಕವಚದ ಮೇಲೆಯೇ ಹೆಸರು ಬರೆದುಕೊಳ್ಳಬೇಕು. ರೋಗಿಗೆ ಆಕೆಯ ನಗು ಕಾಣದು. ಆಕೆಗೆ ಜೊತೆಯವರ ಕಣ್ಣಿನ ಹೊರತು ಬೇರೇನೂ ಕಾಣದು.

ಪಾಳಿ ಮುಗಿದ ಮೇಲಾದರೂ ಮನೆಯುಂಟೆ? ಅದೂ ಇಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಮೂರು ವರ್ಷದ ಮಗುವಿದೆ. ಸೋಂಕನ್ನು ತಾನೇ ಹೊತ್ತು ತಂದೇನೆಂಬ ದಿಗಿಲು. ಹಾಗಾಗಿ ಹಾಸ್ಟೆಲಿನ ಒಂದು ಕೊಠಡಿಯಲ್ಲಿಯೋ ಹೋಟೆಲಿನ ಒಂದು ರೂಮಿನಲ್ಲಿಯೋ ವಾಸ. ವಿಡಿಯೋ ಕರೆಯಲ್ಲಿ ಮಗು ಕೈ ಚಾಚಿ "ಅಮ್ಮಾ, ಎತ್ತಿಕೋ" ಎಂದರೆ ಗಾಜಿನ ಪರದೆಯನ್ನು ಸವರುವುದಲ್ಲದೆ ಬೇರೆ ಉಪಾಯವಿಲ್ಲ. ದೀಪವಾರಿಸಿ ಮಲಗಿದರೆ ನಿದ್ದೆ ಬಾರದು. ಬೆಳಗ್ಗೆ ಮಾತನಾಡಿ ಸಂಜೆಗೆ ಕಣ್ಣುಮುಚ್ಚಿದ ರೋಗಿಯ ಮುಖವೇ ಕಣ್ಣಿಗೆ ಕಟ್ಟುತ್ತದೆ. ಆ ರೋಗಿಯ ಮಕ್ಕಳು ಆಸ್ಪತ್ರೆಯ ಗೇಟಿನಾಚೆಯೇ ನಿಂತಿದ್ದರು. ಕೊನೆಯ ಗಳಿಗೆಯಲ್ಲಿ ಅವನ ಕೈ ಹಿಡಿದವಳು ಈಕೆ, ಅದೂ ರಬ್ಬರಿನ ಕೈಗವಸಿನ ಮೂಲಕ.

ಇದನ್ನೆಲ್ಲ ಆಕೆ ಯಾರಲ್ಲಿ ಹೇಳಿಕೊಳ್ಳಬೇಕು? ಮನೆಯವರಿಗೆ ಹೇಳಿದರೆ ಅವರು ಹೆದರುತ್ತಾರೆ. ಜೊತೆಯವರಿಗೆ ಹೇಳೋಣವೆಂದರೆ ಅವರ ಹೊರೆಯೇ ಅವರಿಗೆ ಭಾರವಾಗಿದೆ. ಮೇಲಿನವರಿಗೆ ಹೇಳಿದರೆ "ಇವಳು ಕೈಲಾಗದವಳು" ಎಂದುಕೊಂಡಾರು. ಹಾಗೆ ಹೇಳದೆ ಉಳಿದ ಮಾತು ಎದೆಯಲ್ಲಿ ಕಲ್ಲಾಗಿ ಕೂಡುತ್ತದೆ.

ಚಪ್ಪಾಳೆಯೂ ಮುಚ್ಚಿದ ಬಾಗಿಲೂ

2020ರ ಮಾರ್ಚ್ 22, ಭಾನುವಾರ. ಸಂಜೆ 5 ಗಂಟೆಗೆ ದೇಶದ ಬಾಲ್ಕನಿಗಳಲ್ಲಿ, ಹೊಸ್ತಿಲುಗಳಲ್ಲಿ ಜನ ನಿಂತು ಚಪ್ಪಾಳೆ ತಟ್ಟಿದರು, ಜಾಗಟೆ ಬಾರಿಸಿದರು, ತಟ್ಟೆ ಬಡಿದರು. ಅದು ವೈದ್ಯರಿಗೆ, ದಾದಿಯರಿಗೆ, ಪೌರಕಾರ್ಮಿಕರಿಗೆ ಸಂದ ಗೌರವ. ಆ ಕೃತಜ್ಞತೆ ಸುಳ್ಳಾಗಿತ್ತೆಂದು ಹೇಳುವಂತಿಲ್ಲ. ಆದರೆ ಅದಾದ ಎರಡೇ ದಿನಗಳಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನಿವಾಸಿ ವೈದ್ಯರ ಸಂಘವು ಕೇಂದ್ರ ಗೃಹಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಮನೆಯ ಯಜಮಾನರು ವೈದ್ಯರನ್ನೂ ದಾದಿಯರನ್ನೂ ಮನೆ ಖಾಲಿ ಮಾಡುವಂತೆ ಪೀಡಿಸುತ್ತಿದ್ದಾರೆ ಎಂಬುದು ಅವರ ಅಳಲು. ಏಪ್ರಿಲ್‌ನಲ್ಲಿ ಚೆನ್ನೈ ನಗರದಲ್ಲಿ ಸೋಂಕಿನಿಂದ ತೀರಿಕೊಂಡ ನರಶಸ್ತ್ರವೈದ್ಯರೊಬ್ಬರ ಶವಸಂಸ್ಕಾರಕ್ಕೆ ಗುಂಪೊಂದು ಅಡ್ಡಿಯಾಯಿತು. ಕಲ್ಲೇಟಿನ ನಡುವೆ ಸಹೋದ್ಯೋಗಿಯೊಬ್ಬರು ರಾತ್ರಿಯಲ್ಲಿ ಅವರನ್ನು ಮಣ್ಣು ಮಾಡಬೇಕಾಯಿತು. ಅದೇ ತಿಂಗಳು ನಮ್ಮ ಬೆಂಗಳೂರಿನಲ್ಲಿಯೂ ಸಮೀಕ್ಷೆಗೆಂದು ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಕೈ ಮಾಡಿದ ಘಟನೆ ನಡೆಯಿತು.

ಇಂಥವು ಹೆಚ್ಚಿದುದರಿಂದ ಕೇಂದ್ರ ಸರ್ಕಾರವು 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ, 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಿದ್ದಿತು. ಆರೋಗ್ಯ ಸಿಬ್ಬಂದಿಗೆ ತೀವ್ರವಾದ ಗಾಯ ಮಾಡಿದವರಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅದರಿಂದ ಅವಕಾಶವಾಯಿತು. ಆ ಮೂಲ ಕಾಯಿದೆಯೂ ಪ್ಲೇಗಿನ ಕಾಲದಲ್ಲಿಯೇ ಹುಟ್ಟಿದುದು.

ಮೈಗೆ ಬಿದ್ದ ಪೆಟ್ಟಿಗೆ ಕಾಯಿದೆಯುಂಟು. ಹೊಗಳಿದ ಬೀದಿಯೇ ಬಾಗಿಲು ಮುಚ್ಚಿದಾಗ ಮನಸ್ಸಿಗೆ ಬಿದ್ದ ಪೆಟ್ಟನ್ನು ಯಾವ ಕಲಮಿನಡಿ ದಾಖಲಿಸುವುದು?

ಅಂಕೆಗಳು ಹೇಳಿದ ಕಥೆ

ಈ ನೋವು ಬರಿಯ ಭಾವುಕತೆಯಲ್ಲ. ಅದನ್ನು ಅಳೆದು ನೋಡಿದವರಿದ್ದಾರೆ. 2020ರ ಜನವರಿ ಕೊನೆಯಲ್ಲಿ, ಚೀನಾದಲ್ಲಿ ರೋಗವು ಉಲ್ಬಣಿಸಿದ್ದಾಗ, ಅಲ್ಲಿನ 34 ಆಸ್ಪತ್ರೆಗಳ 1,257 ಮಂದಿ ವೈದ್ಯರನ್ನೂ ದಾದಿಯರನ್ನೂ ಸಂಶೋಧಕರು ಪ್ರಶ್ನಿಸಿದರು. ಅರ್ಧಕ್ಕಿಂತ ತುಸು ಹೆಚ್ಚು, ಎಂದರೆ ನೂರಕ್ಕೆ 50.4 ಮಂದಿಯಲ್ಲಿ, ಖಿನ್ನತೆಯ ಲಕ್ಷಣಗಳು ಕಂಡವು. 44.6 ಮಂದಿಯಲ್ಲಿ ಆತಂಕವಿತ್ತು. 34 ಮಂದಿಗೆ ನಿದ್ದೆಯಿರಲಿಲ್ಲ. ಒಂದಲ್ಲ ಒಂದು ಬಗೆಯ ಮಾನಸಿಕ ಸಂಕಟದಲ್ಲಿದ್ದವರು 71.5 ಮಂದಿ. ದಾದಿಯರು, ಹೆಂಗಸರು, ರೋಗಿಯ ಹಾಸಿಗೆಯ ಬಳಿಯೇ ದುಡಿಯುತ್ತಿದ್ದವರು, ಇವರಲ್ಲಿ ಸಂಕಟ ಇನ್ನೂ ತೀವ್ರವಾಗಿತ್ತು.

ಮಾರಿ ತೊಲಗಿದರೆ ಮನಸ್ಸು ತಾನಾಗಿ ಸರಿಹೋದೀತು ಎಂದು ಕೆಲವರು ಭಾವಿಸಬಹುದು. 2003ರಲ್ಲಿ ಕೆನಡಾ ದೇಶದ ಟೊರಾಂಟೊ ನಗರವನ್ನು ಸಾರ್ಸ್ ಎಂಬ ರೋಗ ಕಾಡಿತು. ಅದು ಮುಗಿದು ಒಂದೆರಡು ವರ್ಷಗಳಾದ ಮೇಲೆ ಅಲ್ಲಿನ ಆಸ್ಪತ್ರೆಗಳ ಸಿಬ್ಬಂದಿಯನ್ನು ಪರೀಕ್ಷಿಸಿ, ಸಾರ್ಸ್ ಕಾಣದ ನೆರೆಯೂರಿನ ಆಸ್ಪತ್ರೆಗಳವರೊಡನೆ ಹೋಲಿಸಿದಾಗ, ಟೊರಾಂಟೊದವರಲ್ಲಿ ದಣಿವೂ ಕೊರಗೂ ಇನ್ನೂ ಹೆಚ್ಚಾಗಿಯೇ ಇದ್ದವು. ಬೆಂಕಿ ಆರಿದ ಮೇಲೂ ಬೂದಿಯೊಳಗೆ ಕೆಂಡವಿರುತ್ತದೆ.

ಕೋವಿಡ್ ವಿಚಾರದಲ್ಲಿ ಕೆಂಡಕ್ಕೆ ಕಾರಣಗಳು ಇನ್ನೂ ಹೆಚ್ಚು. 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಲೋಕದಲ್ಲಿ ಸುಮಾರು 1 ಲಕ್ಷದ 15 ಸಾವಿರ ಆರೋಗ್ಯ ಸಿಬ್ಬಂದಿ ಈ ರೋಗಕ್ಕೆ ಬಲಿಯಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ದೇಶದ ಎರಡನೆಯ ಅಲೆಯೊಂದರಲ್ಲಿಯೇ 700ಕ್ಕೂ ಹೆಚ್ಚು ಮಂದಿ ವೈದ್ಯರು ತೀರಿಕೊಂಡರೆಂದು ಭಾರತೀಯ ವೈದ್ಯಕೀಯ ಸಂಘ ಲೆಕ್ಕ ಕೊಟ್ಟಿತು.

"ನಮಗೆ ಮನೋವೈದ್ಯರು ಬೇಡ"

ಚೀನಾದ ಚಾಂಗ್ಶಾ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ 2020ರ ಆರಂಭದಲ್ಲಿ ನಡೆದ ಪ್ರಸಂಗ ಮನನಯೋಗ್ಯವಾದುದು. ಅಲ್ಲಿನ ಮನೋವೈದ್ಯರು ಬಹು ಕಾಳಜಿಯಿಂದ ಒಂದು ಯೋಜನೆ ಹಾಕಿದರು. ಸಿಬ್ಬಂದಿಗೆ ಅಂತರ್ಜಾಲದಲ್ಲಿ ಪಾಠಗಳು, ದೂರವಾಣಿಯಲ್ಲಿ ಸಮಾಲೋಚನೆ, ಕೂಡಿ ಮನಸ್ಸು ಹಗುರ ಮಾಡಿಕೊಳ್ಳುವ ಕಾರ್ಯಕ್ರಮ, ಎಲ್ಲವೂ ಸಿದ್ಧವಾದವು. ಆದರೆ ಬರುವವರೇ ಇಲ್ಲ. ಮನಸ್ಸು ಕೆರಳಿದ್ದ, ಸಿಡುಕುತ್ತಿದ್ದ ದಾದಿಯರು ಕೂಡ "ನಮಗೇನೂ ಆಗಿಲ್ಲ" ಎಂದರು. "ನಮಗೆ ಮನೋವೈದ್ಯರು ಬೇಡ, ಎಡೆಬಿಡದ ವಿಶ್ರಾಂತಿ ಬೇಕು, ಸಾಕಷ್ಟು ರಕ್ಷಾಸಾಮಗ್ರಿ ಬೇಕು" ಎಂಬ ಅಭಿಪ್ರಾಯ ಅವರಲ್ಲಿ ಹಲವರದು.

ಆ ವೈದ್ಯರು ಜಾಣರು. ಮುನಿಸಿಕೊಳ್ಳದೆ ತಮ್ಮ ಯೋಜನೆಯನ್ನೇ ಬದಲಿಸಿದರು. ಆಸ್ಪತ್ರೆಯು ಸಿಬ್ಬಂದಿಗೆ ಮನೆಯವರಿಂದ ದೂರವಾಗಿ ತಂಗಲು ಒಂದು ಸ್ಥಳ ಒದಗಿಸಿತು, ಊಟ ಉಪಚಾರಗಳಿಗೆ ಏರ್ಪಾಡು ಮಾಡಿತು. ತಮ್ಮ ದಿನಚರಿಯನ್ನು ವಿಡಿಯೋ ತೆಗೆದು ಮನೆಗೆ ಕಳುಹಿಸಿ ಮನೆಯವರ ಆತಂಕವನ್ನು ತಗ್ಗಿಸಲು ಅನುಕೂಲ ಮಾಡಿತು. ಸಮಾಲೋಚಕರು ಆ ವಿಶ್ರಾಂತಿಸ್ಥಳಕ್ಕೇ ಹೋಗಿ, ಸಿಬ್ಬಂದಿ ತಾವಾಗಿ ಹೇಳಿದಷ್ಟನ್ನು ಕೇಳಿ, ಕೈಲಾದ ನೆರವು ನೀಡಿದರು. ಬಾಯಿ ತೆರೆಯದಿದ್ದವರು ಹೀಗೆ ಸ್ವಲ್ಪ ಸ್ವಲ್ಪವಾಗಿ ತೆರೆದರು.

ಹಸಿದವನಿಗೆ ವೇದಾಂತ ಹಿಡಿಸದು ಎಂಬುದು ನಮ್ಮ ಹಿರಿಯರು ಕಂಡ ಸತ್ಯ. ನಿದ್ದೆಗೆಟ್ಟವನಿಗೆ ಮನಶ್ಶಾಸ್ತ್ರವೂ ಹಿಡಿಸದು.

ನಿಮ್ಹಾನ್ಸ್ ತೆರೆದ ಕಿವಿ

ನಮ್ಮ ದೇಶದಲ್ಲಿ ಈ ಕಾರ್ಯದ ಮುಂದಾಳಾದುದು ಬೆಂಗಳೂರಿನ ನಿಮ್ಹಾನ್ಸ್, ಎಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ಆದ ಸಂಸ್ಥೆಯಿದು. ಮನೋರೋಗದ ಚಿಕಿತ್ಸೆ ಹೊಸೂರು ರಸ್ತೆಯ ಗೋಡೆಗಳೊಳಗೇ ಉಳಿಯಬಾರದು, ಹಳ್ಳಿಯ ಬಾಗಿಲಿಗೂ ಹೋಗಬೇಕು ಎಂಬ ಹಂಬಲ ಅದಕ್ಕೆ ಮೊದಲಿನಿಂದಲೂ ಇತ್ತು. 1975ರ ಸುಮಾರಿಗೆ ಬೆಂಗಳೂರಿನ ಬಳಿಯ ಸಕಲವಾರದಲ್ಲಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅದು ಮನಸ್ಸಿನ ರೋಗಗಳನ್ನು ಗುರುತಿಸಲು ಕಲಿಸಿತು. ಇಂದು ದೇಶದಾದ್ಯಂತ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಆ ಪ್ರಯೋಗವೇ ಮಾದರಿ.

2020ರಲ್ಲಿ ಪರಿಸ್ಥಿತಿ ತಿರುಗಿ ಬಿದ್ದಿತು. ಪರರ ಮನಸ್ಸನ್ನು ನೋಡಲು ಕಲಿತಿದ್ದ ಆ ಆರೋಗ್ಯ ಸಿಬ್ಬಂದಿಯ ಮನಸ್ಸನ್ನೇ ನೋಡುವ ಪ್ರಮೇಯ ಒದಗಿತು. ಮಾರ್ಚ್ 24ರ ನಡುರಾತ್ರಿಯಿಂದ ದೇಶವೆಲ್ಲ ಲಾಕ್‌ಡೌನ್. ಮುಖಾಮುಖಿ ಕುಳಿತು ಮಾತನಾಡುವಂತಿಲ್ಲ. ಮರುದಿನ, ಮಾರ್ಚ್ 25ರಂದು, ಕೇಂದ್ರ ಸರ್ಕಾರವು ದೂರವೈದ್ಯಕ್ಕೆ ನಿಯಮಾವಳಿಯನ್ನು ಪ್ರಕಟಿಸಿತು. ವೈದ್ಯರು ದೂರವಾಣಿಯಲ್ಲಿಯೋ ವಿಡಿಯೋದಲ್ಲಿಯೋ ಸಲಹೆ ನೀಡಬಹುದೆ ಎಂಬ ಸಂದೇಹ ಅದರಿಂದ ತೀರಿತು. ಅದೇ ತಿಂಗಳ ಕೊನೆಯಲ್ಲಿ ನಿಮ್ಹಾನ್ಸ್ ಒಂದು ರಾಷ್ಟ್ರೀಯ ಸಹಾಯವಾಣಿಯನ್ನು ತೆರೆಯಿತು. ಅನೇಕ ಭಾಷೆಗಳಲ್ಲಿ ಮಾತನಾಡಬಲ್ಲ ಸಮಾಲೋಚಕರು ಅದಕ್ಕೆ ಕಿವಿಗೊಟ್ಟು ಕುಳಿತರು. ಏಪ್ರಿಲ್‌ನಲ್ಲಿ ಸಂಸ್ಥೆಯು ಮಹಾಮಾರಿಯ ಕಾಲದ ಮಾನಸಿಕ ಆರೋಗ್ಯವನ್ನು ಕುರಿತ ಕೈಪಿಡಿಯನ್ನು ಹೊರತಂದಿತು. ಅಂತರ್ಜಾಲದ ಮೂಲಕ ದೂರದೂರುಗಳ ವೈದ್ಯರಿಗೆ, ದಾದಿಯರಿಗೆ, ಸಮಾಲೋಚಕರಿಗೆ ಶಿಕ್ಷಣ ನೀಡುವ ವ್ಯವಸ್ಥೆಯನ್ನು ಅದು ಮೊದಲೇ ಕಟ್ಟಿಕೊಂಡಿತ್ತು. ಆಪತ್ತಿನಲ್ಲಿ ಅದು ಕೈಗೆ ಬಂದಿತು.

ಕೇಳುವುದೂ ಒಂದು ವಿದ್ಯೆ

ಇಂಥ ಕರೆಯಲ್ಲಿ ಏನು ನಡೆಯುತ್ತದೆ? ಬೋಧನೆ ನಡೆಯುವುದಿಲ್ಲ. "ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ" ಎನ್ನುವುದಕ್ಕೆ ತರಬೇತಿ ಬೇಕಿಲ್ಲ. ಅದರಿಂದ ಪ್ರಯೋಜನವೂ ಅಷ್ಟಕ್ಕಷ್ಟೆ. ಆಪತ್ತಿಗೆ ಸಿಕ್ಕಿದವರಿಗೆ ನೀಡುವ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಕೈಪಿಡಿಯ ಸಾರವನ್ನು ಮೂರು ಮಾತುಗಳಲ್ಲಿ ಹೇಳಬಹುದು: ನೋಡು, ಕೇಳು, ಜೋಡಿಸು. ಎದುರಿನವರಿಗೆ ಈಗ ಏನು ಬೇಕಾಗಿದೆ ಎಂಬುದನ್ನು ನೋಡುವುದು ಮೊದಲನೆಯದು. ನಡುವೆ ಬಾಯಿ ಹಾಕದೆ ಕೇಳುವುದು ಎರಡನೆಯದು. ಬೇಕಾದ ನೆರವಿಗೆ, ಅದು ವೈದ್ಯರಾಗಲಿ, ರಜೆಯಾಗಲಿ, ಮನೆಯವರ ಜೊತೆಯಾಗಲಿ, ಅವರನ್ನು ಜೋಡಿಸುವುದು ಮೂರನೆಯದು.

ಇಲ್ಲೊಂದು ಎಚ್ಚರಿಕೆಯೂ ಉಂಟು. ಭೀಕರ ಘಟನೆಯನ್ನು ಕಂಡವರನ್ನು ಕೂಡಲೇ ಕೂರಿಸಿಕೊಂಡು, ಕಂಡುದೆಲ್ಲವನ್ನೂ ಒಂದೇ ಸಲಕ್ಕೆ ಬಲವಂತವಾಗಿ ಹೇಳಿಸಿದರೆ ಮನಸ್ಸು ಶುದ್ಧವಾಗುತ್ತದೆಂದು ಒಂದು ಕಾಲದಲ್ಲಿ ನಂಬಿಕೆಯಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಪ್ರಯೋಜನವಿಲ್ಲವೆಂದೂ, ಕೆಲವರಿಗೆ ಕೇಡೇ ಆಗಬಹುದೆಂದೂ ತಿಳಿದುಬಂದಿತು. ಹಸಿಯ ಗಾಯವನ್ನು ಕೆದಕಬಾರದು. ಹೇಳುವವರು ಎಷ್ಟು ಹೇಳುತ್ತಾರೋ ಅಷ್ಟೇ ಸಾಕು.

ದೂರದ ಸಂಭಾಷಣೆಗೆ ತನ್ನದೇ ಆದ ಅನುಕೂಲಗಳುಂಟು. ರಾಯಚೂರಿನ ದಾದಿಗೆ ಬೆಂಗಳೂರಿನ ತಜ್ಞರು ಬಸ್ಸಿಲ್ಲದ ದಿನದಲ್ಲಿಯೂ ಸಿಗುತ್ತಾರೆ. ರಾತ್ರಿ ಪಾಳಿಯವರಿಗೆ ಹಗಲಿನ ಹೊರರೋಗಿ ವಿಭಾಗದ ವೇಳೆ ಹೊಂದದಿದ್ದರೂ ಚಿಂತೆಯಿಲ್ಲ. ಮನೋವೈದ್ಯರ ಕೊಠಡಿಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದನ್ನು ಯಾರಾದರೂ ಕಂಡಾರೆಂಬ ಸಂಕೋಚವೂ ಇಲ್ಲ. ಇನ್ನೊಂದು ವಿಚಿತ್ರವೂ ಉಂಟು. ಆಸ್ಪತ್ರೆಯಲ್ಲಿ ಆರಡಿ ದೂರದಲ್ಲಿರುವವರ ಮುಖ ಕಾಣದು. ನೂರಾರು ಮೈಲಿ ದೂರದಲ್ಲಿ, ವಿಡಿಯೋ ಕರೆಯಲ್ಲಿ ಕುಳಿತವರ ಮುಖದ ಮೇಲೆ ಮಾತ್ರ ಮಾಸ್ಕು ಇಲ್ಲ. ಎಷ್ಟೋ ಗಂಟೆಗಳ ಅನಂತರ ಕಾಣುವ ಒಂದು ತೆರೆದ ಮುಖ ಅದು.

ಅನನುಕೂಲಗಳನ್ನು ಮರೆಮಾಚುವಂತಿಲ್ಲ. ಹಾಸ್ಟೆಲಿನ ಕೊಠಡಿಯಲ್ಲಿ ಇನ್ನಿಬ್ಬರಿದ್ದರೆ ಮನಬಿಚ್ಚಿ ಮಾತನಾಡುವುದೆಲ್ಲಿ? ಮಲೆನಾಡಿನ ಎಷ್ಟೋ ಊರುಗಳಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗಬೇಕಾದರೆ ಗುಡ್ಡ ಹತ್ತಬೇಕು. ದನಿಯಿಂದ ಅಳು ತಿಳಿಯಬಹುದು, ನಡುಗುವ ಕೈ ತಿಳಿಯದು. ಜೀವಕ್ಕೇ ಅಪಾಯವಿದೆಯೆಂದು ಸಂದೇಹ ಬಂದಾಗ ದೂರದವರು ಓಡಿ ಬರುವಂತಿಲ್ಲ. ಆದಕಾರಣ ಹತ್ತಿರದಲ್ಲಿರುವ ಒಬ್ಬರ ಹೆಸರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಇಂಥ ಸೇವೆಯಲ್ಲಿ ಜಾಣತನ.

ಬಾಯಿ ಕಟ್ಟುವ ಭಯ

ಎಲ್ಲಕ್ಕಿಂತ ದೊಡ್ಡ ಅಡ್ಡಿ ಯಂತ್ರದಲ್ಲಿಲ್ಲ, ಮನಸ್ಸಿನಲ್ಲಿದೆ. ವೈದ್ಯನನ್ನು ನಾರಾಯಣನೆಂದು ಕರೆದ ನಾಡು ನಮ್ಮದು. ನಾರಾಯಣನು ಅಳುವಂತಿಲ್ಲ. ನ್ಯೂಯಾರ್ಕ್ ನಗರದ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ಲೋರ್ನಾ ಬ್ರೀನ್ ಅವರಿಗೆ 2020ರ ಮಾರ್ಚ್‌ನಲ್ಲಿ ತಮಗೇ ಸೋಂಕು ತಗಲಿತು. ಗುಣವಾದೊಡನೆ ಅವರು ಮತ್ತೆ ಕೆಲಸಕ್ಕೆ ಹೋದರು. ರೋಗಿಗಳ ಪ್ರವಾಹ ಅವರನ್ನು ಕುಗ್ಗಿಸಿತು. ಏಪ್ರಿಲ್ 26ರಂದು ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆಗ ವಯಸ್ಸು 49. ಮನೋವೈದ್ಯರ ನೆರವು ಪಡೆದುದು ತಿಳಿದರೆ ವೃತ್ತಿಗೆ ಕುತ್ತು ಬಂದೀತೆಂಬ ಭಯ ಅವರನ್ನು ಕಾಡುತ್ತಿತ್ತೆಂದು ಕುಟುಂಬದವರು ಅನಂತರ ಹೇಳಿದರು. ಆರೋಗ್ಯ ಸಿಬ್ಬಂದಿಯ ಮಾನಸಿಕ ನೆರವಿಗಾಗಿ ಅಮೆರಿಕವು 2022ರ ಮಾರ್ಚ್‌ನಲ್ಲಿ ಮಾಡಿದ ಕಾಯಿದೆಗೆ ಅವರದೇ ಹೆಸರು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ನೆರವು ಪಡೆದವರ ವಿವರವನ್ನು ಗೋಪ್ಯವಾಗಿಡಬೇಕೆಂದು ವಿಧಿಸಿದೆ. ಆದರೆ ಕಾಯಿದೆಯ ಪುಸ್ತಕದಲ್ಲಿರುವ ಭರವಸೆ ಜಿಲ್ಲಾ ಆಸ್ಪತ್ರೆಯ ದಾದಿಯ ಎದೆಯೊಳಕ್ಕೆ ಇಳಿಯಬೇಕಾದರೆ, ಅವಳ ಮೇಲ್ವಿಚಾರಕಿಯೇ ಒಂದು ದಿನ "ನಾನೂ ಮಾತನಾಡಿ ಬಂದೆನಮ್ಮಾ, ನೀನೂ ಮಾತನಾಡು" ಎನ್ನಬೇಕು. ಅಂಥ ಒಂದು ಮಾತು ಹತ್ತು ಸುತ್ತೋಲೆಗಳಿಗಿಂತ ಮಿಗಿಲು.

ಮಾತಿಗೆ ಮೀರಿದ ಗಾಯ

2021ರ ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆಯು ಬೇರೊಂದು ಬಗೆಯ ನೋವನ್ನು ತಂದಿತು. ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೇ 2 ಮತ್ತು 3ರ ನಡುವೆ 24 ಮಂದಿ ರೋಗಿಗಳು ತೀರಿಕೊಂಡ ಸುದ್ದಿಯನ್ನು ಕೇಳಿ ನಾಡೇ ನಡುಗಿತು. ಕಳೆದುಕೊಂಡ ಕುಟುಂಬಗಳ ದುಃಖಕ್ಕೆ ಹೋಲಿಕೆಯಿಲ್ಲ. ಅಂಥ ರಾತ್ರಿಗಳಲ್ಲಿ ದೇಶದ ಎಷ್ಟೋ ವಾರ್ಡುಗಳಲ್ಲಿ, ಏನು ಮಾಡಬೇಕೆಂಬುದನ್ನು ಬಲ್ಲವರಾಗಿಯೂ, ಮಾಡಲು ಸಾಧನವಿಲ್ಲದೆ ನಿಂತವರ ಎದೆಯಲ್ಲಿ ಒಂದು ಗಾಯ ಉಳಿಯಿತು.

ತಜ್ಞರು ಇದನ್ನು ನೈತಿಕ ಗಾಯ ಎನ್ನುತ್ತಾರೆ. ಯುದ್ಧದಿಂದ ಮರಳಿದ ಸೈನಿಕರನ್ನು ನೋಡುತ್ತ ಅವರು ಕಂಡುಕೊಂಡ ಮಾತು ಇದು. ಭಯದಿಂದ ಆಗುವ ಗಾಯ ಬೇರೆ. ತಾನು ನಂಬಿದ ಧರ್ಮಕ್ಕೆ ವಿರುದ್ಧವಾದುದನ್ನು ಮಾಡಬೇಕಾಗಿ ಬಂದುದರಿಂದ, ಅಥವಾ ಮಾಡಬೇಕಾದುದನ್ನು ಮಾಡಲಾಗದೆ ಹೋದುದರಿಂದ ಆಗುವ ಗಾಯ ಬೇರೆ. ಒಂದೇ ವೆಂಟಿಲೇಟರಿಗೆ ಇಬ್ಬರು ಕಾದಿರುವಾಗ ಯಾರಿಗೆ ಕೊಡಬೇಕೆಂದು ನಿರ್ಣಯಿಸಿದ ಎಳೆಯ ವೈದ್ಯನಿಗೆ "ನಿನ್ನ ತಪ್ಪಲ್ಲ" ಎಂದು ಹೇಳಿದರೆ ಸಾಲದು. ತಪ್ಪು ಯಾರದೆಂಬ ಪ್ರಶ್ನೆ ಅವನೊಳಗೆ ಉರಿಯುತ್ತಲೇ ಇರುತ್ತದೆ. ಅವನಿಗೆ ಬೇಕಾದುದು, ಆ ನಿರ್ಣಯದ ಭಾರವನ್ನು ಹಂಚಿಕೊಳ್ಳುವ ಹಿರಿಯರು. ಅದಕ್ಕಿಂತಲೂ ಮುಖ್ಯವಾಗಿ, ಮುಂದೆ ಅಂಥ ನಿರ್ಣಯಕ್ಕೆ ಯಾರೂ ಸಿಲುಕದಂತೆ ಮಾಡುವ ಆಡಳಿತ.

ಇಲ್ಲಿಯೇ ಸಹಾಯವಾಣಿಯ ಮಿತಿಯೂ ಕಾಣುತ್ತದೆ. ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು 2020ರ ಜುಲೈ 10ರಿಂದ ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ಗೌರವಧನವೂ ಸಾಕಷ್ಟು ರಕ್ಷಾಸಾಮಗ್ರಿಯೂ ಅವರ ಬೇಡಿಕೆ. ಬಿಸಿಲಿನಲ್ಲಿ ಮನೆಮನೆ ತಿರುಗಿ, ಬೈಗುಳ ತಿಂದು, ಮನೆಗೆ ಬಂದರೆ ಅಲ್ಲಿಯೂ ಅನುಮಾನದ ಕಣ್ಣನ್ನು ಎದುರಿಸುತ್ತಿದ್ದ ಆ ಹೆಣ್ಣುಮಕ್ಕಳಿಗೆ ಉಸಿರಾಟದ ಅಭ್ಯಾಸ ಕಲಿಸುವುದು ಒಳ್ಳೆಯದೇ. ಅದಕ್ಕೆ ಮೊದಲು ಮಾಸ್ಕು ಕೊಡುವುದು, ಸಂಬಳ ಕೊಡುವುದು ಇನ್ನೂ ಒಳ್ಳೆಯದು. 2022ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಗೌರವವನ್ನು ಸಲ್ಲಿಸಿತು. ಗೌರವಕ್ಕೂ ಗೌರವಧನಕ್ಕೂ ನಡುವಿನ ಅಂತರವನ್ನು ಬಲ್ಲವರು ಅವರೇ.

ಇಂಥ ಮಾನಸಿಕ ನೆರವಿನಲ್ಲಿ ಯಾವ ವಿಧಾನ ಹೆಚ್ಚು ಫಲಕಾರಿ? ಈ ಪ್ರಶ್ನೆಯನ್ನು ಹಿಡಿದು ಲೋಕದ ಅಧ್ಯಯನಗಳನ್ನೆಲ್ಲ ಜಾಲಾಡಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯೊಂದು 2020ರ ನವೆಂಬರಿನಲ್ಲಿ ಪ್ರಕಟವಾಯಿತು. ದೊರೆತ ಅಧ್ಯಯನಗಳು ಕೇವಲ 16. ಇಂಥದೇ ಉತ್ತಮವೆನ್ನಲು ಆಧಾರ ಸಾಲದು ಎಂಬುದು ಅದರ ಪ್ರಾಮಾಣಿಕ ತೀರ್ಮಾನ. ಆದರೆ ಅಡ್ಡಿಗಳೇನೆಂಬುದು ಅದರಿಂದ ಸ್ಪಷ್ಟವಾಯಿತು. ತಮಗೆ ನೆರವು ಬೇಕೆಂಬುದೇ ಸಿಬ್ಬಂದಿಗೆ ತಿಳಿಯದಿರುವುದು ಒಂದು, ನೆರವು ಪಡೆಯಲು ಬಿಡುವೂ ಸಾಧನಗಳೂ ಇಲ್ಲದಿರುವುದು ಇನ್ನೊಂದು.

ಉಳಿದುಕೊಂಡ ಬೆಳಕು

ಇಷ್ಟಾದರೂ ಆ ಕಷ್ಟಕಾಲದಲ್ಲಿ ತೆರೆದ ಕಿಟಕಿ ಮುಚ್ಚಿಹೋಗಲಿಲ್ಲ. 2022ರ ಫೆಬ್ರವರಿಯ ಕೇಂದ್ರ ಮುಂಗಡಪತ್ರದಲ್ಲಿ ದೂರ ಮಾನಸಿಕ ಆರೋಗ್ಯ ಯೋಜನೆಯೊಂದನ್ನು ಘೋಷಿಸಲಾಯಿತು. ಅದೇ ವರ್ಷದ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಅದು ಟೆಲಿ-ಮಾನಸ್ ಎಂಬ ಹೆಸರಿನಿಂದ ಆರಂಭವಾಯಿತು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಅದಕ್ಕೆ ಯಂತ್ರಸಹಾಯ ನೀಡಿತು. 14416 ಎಂಬ ಐದು ಅಂಕೆಗಳನ್ನು ಒತ್ತಿದರೆ ಹಗಲಿರುಳೆನ್ನದೆ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ, ಖರ್ಚಿಲ್ಲದೆ, ಒಬ್ಬ ಸಮಾಲೋಚಕರ ದನಿ ಕೇಳುತ್ತದೆ. ಮೊದಲ ಎರಡು ವರ್ಷಗಳಲ್ಲಿಯೇ 14 ಲಕ್ಷಕ್ಕೂ ಹೆಚ್ಚು ಕರೆಗಳು ಅದಕ್ಕೆ ಬಂದವು. ದಾದಿಗಾಗಲಿ ವಿದ್ಯಾರ್ಥಿಗಾಗಲಿ ರೈತನಿಗಾಗಲಿ ಆ ಬಾಗಿಲು ಒಂದೇ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ರಕ್ಷಾಕವಚಗಳು ಕಪಾಟು ಸೇರಿದವು. ದಾದಿಯರು ಮನೆಗಳಿಗೆ ಮರಳಿ ಎಷ್ಟೋ ಕಾಲವಾಗಿದೆ. ಮೂರು ವರ್ಷವಾಗಿದ್ದ ಮಗು ಈಗ ಶಾಲೆಯ ಚೀಲ ಹೊತ್ತು ನಡೆಯುತ್ತದೆ. ಆದರೆ ಟೊರಾಂಟೊ ನಗರದ ಅನುಭವವನ್ನು ಮರೆಯದಿರುವುದು ಲೇಸು. ಎಷ್ಟೋ ಮನೆಗಳಲ್ಲಿ ಆ ದಿನಗಳ ಕೆಂಡ ಇನ್ನೂ ಬೂದಿಯೊಳಗಿದ್ದೀತು.

ಅಂಥವರು ವಾಚಕರ ಮನೆಯಲ್ಲಿಯೇ ಇರಬಹುದು. ಸೊಸೆಯಾಗಿರಬಹುದು, ತಂಗಿಯಾಗಿರಬಹುದು, ಎದುರು ಮನೆಯ ಬಾಡಿಗೆದಾರರಾಗಿರಬಹುದು. ಆಸ್ಪತ್ರೆಯ ಕೆಲಸದಿಂದ ಬಂದವಳು ಮಾತಿಲ್ಲದೆ ಕುಳಿತರೆ "ಏನಾಯಿತು, ಏನಾಯಿತು" ಎಂದು ಕೆದಕುವುದು ಬೇಡ. ಒಂದು ಲೋಟ ಕಾಫಿ ಮುಂದಿಟ್ಟು ಪಕ್ಕದಲ್ಲಿ ಕುಳಿತರೆ ಸಾಕು. ಹೇಳತೊಡಗಿದರೆ ತೀರ್ಪು ಕೊಡದೆ ಕೇಳಬೇಕು. ನಿದ್ದೆ, ಊಟ, ನಗು ಇವು ಮೂರೂ ವಾರಗಟ್ಟಲೆ ದೂರವಾದರೆ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ, ತಡಮಾಡದೆ ತಜ್ಞರ ಬಳಿಗೆ ಕರೆದೊಯ್ಯಬೇಕು. ಜ್ವರ ಬಂದಾಗ ಡಾಕ್ಟರಲ್ಲಿಗೆ ಹೋಗಲು ನಾಚುವವರಿಲ್ಲ. ಮನಸ್ಸಿನ ಜ್ವರಕ್ಕೂ ಅದೇ ನ್ಯಾಯ.

ದೀಪದ ಬುಡದಲ್ಲಿ ಕತ್ತಲೆ ಎಂಬುದು ಹಳೆಯ ಗಾದೆ. ಆ ಕತ್ತಲೆಯನ್ನು ದೀಪವು ತಾನೇ ಕಳೆದುಕೊಳ್ಳಲಾರದು. ಅದಕ್ಕೆ ಪಕ್ಕದಲ್ಲಿ ಇನ್ನೊಂದು ದೀಪ ಬೇಕು. ಮಹಾಮಾರಿಯ ಕಾಲದಲ್ಲಿ ಆ ಇನ್ನೊಂದು ದೀಪ ನೂರಾರು ಮೈಲಿ ದೂರದಿಂದ, ಅಂಗೈಯಗಲದ ಗಾಜಿನ ಮೂಲಕ ಬೆಳಕು ಚೆಲ್ಲಿತು. ಇನ್ನು ಮುಂದೆ ಅದು ಎದುರು ಮನೆಯ ಹೊಸ್ತಿಲಿನಲ್ಲಿಯೂ ಉರಿಯಬೇಕಾಗಿದೆ. ಚಪ್ಪಾಳೆ ಒಂದು ಸಂಜೆಯದು. ತೆರೆದ ಬಾಗಿಲು ಪ್ರತಿದಿನದ್ದು.